ಶನಿವಾರ ನಿಲ್ಲುವ ಜೀಪು

ಮಂಜಯ್ಯನವರ ಹಳೇ ಪೆಟ್ರೋಲ್ ಜೀಪಿಗೆ ಒಂದು ಚಟ ಹತ್ತಿತ್ತು. ಮಳೆಗಾಲದ ಶನಿವಾರಗಳಲ್ಲಿ ಸಂಸೆಯಿಂದ ಕಳಸಕ್ಕೆ ಹೊರಟರೆ, ರಸ್ತೆ ಮೇಲೆ ನೀರು ಹರಿಯುವ ಮೋರಿ ದಾಟಿ, ಸರಿಯಾಗಿ ಬಾರಿನ ಮುಂದೆ ಕೆಮ್ಮಿ ನಿಂತುಬಿಡುತ್ತಿತ್ತು. ಬೋರ್ಡು ಓದಲು ಬರುವ ಜೀಪು ಇಡೀ ಜಿಲ್ಲೆಯಲ್ಲಿ ಇದೊಂದೇ ಎಂದು ಊರು ನಗುತ್ತಿತ್ತು.

ಗ್ಯಾರೇಜಿನ ಸಫ್ದರನಿಗೆ ಮಾತ್ರ ನಗು ಬರುತ್ತಿರಲಿಲ್ಲ. ಒಂದೂವರೆ ತಿಂಗಳಲ್ಲಿ ಅವನು ಪ್ಲಗ್ಗು ಬದಲಿಸಿದ್ದ, ಪಾಯಿಂಟು ಬದಲಿಸಿದ್ದ, ಕಾಯಿಲ್ ಬದಲಿಸಿದ್ದ. ಬದಲಿಸದೆ ಉಳಿದದ್ದು ಡ್ರೈವರ್ ಕುಮಾರ್ ಒಬ್ಬನೇ. ಈಗ ಮಂಜಯ್ಯನವರ ಹೆಂಡತಿ ಸಾವಿತ್ರಮ್ಮ ಅವನನ್ನೂ ಬದಲಿಸಲು ಹೊರಟಿದ್ದರು.

ಆ ಶನಿವಾರ ಜೀಪು ಬಾರಿನ ಮುಂದಿನಿಂದ ಟ್ರ್ಯಾಕ್ಟರಿಗೆ ಕಟ್ಟಿಸಿಕೊಂಡು ಗ್ಯಾರೇಜಿಗೆ ಬಂತು. ಒಳಗೆ ಮಂಜಯ್ಯ, ಸ್ಟಿಯರಿಂಗಿನಲ್ಲಿ ತೊಯ್ದು ತೊಪ್ಪೆಯಾದ ಕುಮಾರ್. ಸುದ್ದಿ ಕೇಳಿದ ಸಾವಿತ್ರಮ್ಮ ಹಿಂದೆಯೇ ಆಟೋದಲ್ಲಿ ಬಂದಿಳಿದರು.

"ಸಫ್ದರ್, ಸಂಜೆ ಒಳಗೆ ಇದ್ರಲ್ಲಿ ಏನು ಕೆಟ್ಟಿದೆ ಅಂತ ತೋರ್ಸು. ಜೀಪಲ್ಲಿ ಏನೂ ಕೆಟ್ಟಿಲ್ಲ ಅಂದ್ರೆ ಕೆಟ್ಟಿರೋದು ಕುಮಾರನೇ. ನಾಳೆಯಿಂದ ಅವ್ನು ಬರೋದು ಬೇಡ."

"ಅಮ್ಮಾವ್ರೇ, ನಾನು ಅಲ್ಲಿ ಸೋಡಾನೂ ಕುಡ್ದಿಲ್ಲ. ಬಾನೆಟ್ಟಲ್ಲಿ ತಲೆ ಹಾಕ್ಕೊಂಡು ಮಳೇಲಿ ನಿಂತಿರ್ತೀನಿ," ಎಂದ ಕುಮಾರ್.

"ಮತ್ತೆ ಪ್ರತೀ ಶನಿವಾರ ಜೀಪು ವಾಸನೆ ಹೊಡ್ಕೊಂಡು ಮನೆಗೆ ಬರ್ತದಲ್ಲ? ಎಂಜಿನ್ ಕುಡೀತದಾ?"

ಕುಮಾರ್ ಒಮ್ಮೆ ಮಂಜಯ್ಯನವರ ಕಡೆ ನೋಡಿದ. ಮಂಜಯ್ಯನವರು ಈ ಜನ್ಮದಲ್ಲಿ ಮಳೆಯನ್ನೇ ಕಂಡಿಲ್ಲದವರ ಹಾಗೆ ಮಳೆ ನೋಡುತ್ತಿದ್ದರು. ಕುಮಾರ್ ಬಾಯಿ ಮುಚ್ಚಿದ. ಹದಿನೆಂಟು ವರ್ಷ ಅನ್ನ ಹಾಕಿದ ಮನೆ.

ಸಫ್ದರ್ ಇದನ್ನು ನೋಡಿದ, ನೋಡದವನ ಹಾಗೆ ಬಾನೆಟ್ ಎತ್ತಿದ. ಒಣಬಟ್ಟೆಯಲ್ಲಿ ವಯರುಗಳನ್ನೂ, ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳವನ್ನೂ ಮೇಲೆ ಮೇಲೆ ಒರೆಸಿ ಕೀ ತಿರುಗಿಸಿದ. ಜೀಪು ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಯಿತು.

"ನೋಡಿದ್ಯಾ? ಏನೂ ಇಲ್ಲ!" ಎಂದರು ಸಾವಿತ್ರಮ್ಮ.

"ಇರಿ ಅಮ್ಮಾವ್ರೇ. ಮಳೆಯ ಕಾಯಿಲೆಯನ್ನ ಬಿಸಿಲಲ್ಲಿ ಹುಡುಕಿದ್ರೆ ಸಿಗಲ್ಲ." ಸಫ್ದರ್ ಕುಮಾರನ ಕಡೆ ತಿರುಗಿದ. "ಭಾನುವಾರದಿಂದ ಶುಕ್ರವಾರದವರೆಗೆ ಇದೇ ಮಳೆ, ಇದೇ ಮೋರಿ. ಆಗ ನಿಲ್ಲುತ್ತಾ?"

"ಒಂದು ದಿನಾನೂ ಇಲ್ಲ ಭಾಯ್."

"ಶುಕ್ರವಾರ ಸಂಜೆ ಜೀಪಿಗೆ ಏನು ಮಾಡ್ತೀಯ?"

"ತೊಳೀತೀನಿ. ದಿನಾ ತೊಳೀತೀನಲ್ಲ, ಹಂಗೇ. ಆಮೇಲೆ ಅಮ್ಮಾವ್ರು ಪೂಜೆ ಮಾಡ್ತಾರೆ."

"ಜೂನಲ್ಲಿ ಮೊದಲ್ನೇ ಸಲ ನಿಂತಿತಲ್ಲ, ಆವಾಗಿಂದ ಒಂದು ಶುಕ್ರವಾರಾನೂ ತಪ್ಸಿಲ್ಲ," ಎಂದರು ಸಾವಿತ್ರಮ್ಮ. "ಪೂಜೆ ಇಲ್ದಿದ್ರೆ ಇಷ್ಟೊತ್ತಿಗೆ ಹೊಳೇಲಿ ಇರ್ತಿತ್ತು."

ಸಫ್ದರ್ ಬಾಗಿಲ ಕಡೆ ಹೋದ. ಗ್ಯಾರೇಜಿನ ಶೆಟರ್ ಎಳೆದ. ಹಾಡುಹಗಲಲ್ಲೇ ಕತ್ತಲಾಯಿತು. ಕಾಫಿ ಸಸಿಗೆ ನೀರು ಸಿಂಪಡಿಸುವ ಕೈಪಂಪು ತೆಗೆದುಕೊಂಡು, ಓಡುತ್ತಿರುವ ಎಂಜಿನ್ನಿನ ಮೇಲೆ ಮಂಜಿನ ಹಾಗೆ ನೀರು ಬಿಟ್ಟ.

ಡಿಸ್ಟ್ರಿಬ್ಯೂಟರ್ ಮುಚ್ಚಳದ ಮೇಲೆ ನೀಲಿ ಕಿಡಿಗಳು ಹುಳಗಳ ಹಾಗೆ ಹರಿದಾಡಿದವು. ಪ್ಲಗ್ಗಿಗೆ ಹೋಗಬೇಕಾದ ಕರೆಂಟು ದಾರಿ ತಪ್ಪಿ ಮುಚ್ಚಳದ ಮೈಮೇಲೆಲ್ಲ ಅಲೆಯುತ್ತಿತ್ತು. ಎಂಜಿನ್ ಎರಡು ಸಲ ಕೆಮ್ಮಿ ಸತ್ತಿತು.

"ಅಯ್ಯೋ, ಬಾರಿನ ಮುಂದೆ ಹಿಂಗೇ ಕೆಮ್ಮೋದು!" ಎಂದ ಕುಮಾರ್, ಕಳೆದುಹೋದ ದನ ಸಿಕ್ಕವನಂತೆ.

ಸಫ್ದರ್ ಶೆಟರ್ ಎತ್ತಿ, ಮುಚ್ಚಳ ಬಿಚ್ಚಿ ಬೆಳಕಿಗೆ ಹಿಡಿದ. ಮೇಲೆ ಒರೆಸಿದ ಕಡೆ ಚೊಕ್ಕ. ವಯರುಗಳ ಸಂದಿಯಲ್ಲಿ ಮಾತ್ರ ತೆಳ್ಳಗೆ ಅಂಟು. ಅಷ್ಟರಲ್ಲಿ ಅವನ ಕಣ್ಣು ಬ್ಯಾಟರಿಯ ಪಕ್ಕಕ್ಕೆ ಹೋಯಿತು. ಒಂದು ಸಾಲು ಕೆಂಪಿರುವೆ ಮದುವೆ ಊಟಕ್ಕೆ ಹೊರಟವರ ಹಾಗೆ ಶಿಸ್ತಾಗಿ ಕಾಯಿಲಿನ ಕಡೆ ನಡೆದಿತ್ತು. ಪೆಟ್ರೋಲಿಗೂ ಗ್ರೀಸಿಗೂ ಇರುವೆ ಬಂದದ್ದನ್ನು ಅವನು ಮೂವತ್ತು ವರ್ಷದಲ್ಲಿ ಕಂಡಿರಲಿಲ್ಲ. ಮುಚ್ಚಳದ ಸಂದಿಗೆ ಬೆರಳು ಹಾಕಿ, ನಾಲಿಗೆಗೆ ತಾಗಿಸಿದ.

"ಥೂ, ಏನು ಮಾರಾಯ ನೀನು!" ಎಂದರು ಮಂಜಯ್ಯ.

"ಸಿಹಿ ಇದೆ ಗೌಡ್ರೇ."

ಆಮೇಲೆ ಮಾತನ್ನು ಮೊಟ್ಟೆ ಎತ್ತುವವನ ಹಾಗೆ ಎತ್ತಿದ. "ಅಮ್ಮಾವ್ರೇ, ತೆಂಗಿನಕಾಯಿ ಎಲ್ಲಿ ಒಡೀತೀರಿ?"

"ಚಕ್ರದ ಮುಂದೆ. ಎಲ್ರೂ ಒಡೆಯೋ ಕಡೆನೇ."

"ಕಾಯಿ ನೀರು?"

"ಅದು ಬಾನೆಟ್ ಎತ್ತಿ ಒಳಗೆ ಪ್ರೋಕ್ಷಣೆ. ಹೊಟ್ಟೆನೋವು ಬಂದವನಿಗೆ ಕಾಲಿಗೆ ಎಣ್ಣೆ ಹಚ್ಚಿದ್ರೆ ಆಗುತ್ತಾ? ಕೆಟ್ಟಿರೋದು ಎಂಜಿನ್ನು. ಅದಕ್ಕೇ ಮೊದ್ಲು ಒಂದು ಕಾಯಿ, ಆಮೇಲೆ ಎರಡು, ನಿನ್ನೆ ಮೂರು."

ಈಗ ಲೆಕ್ಕ ತಾಳೆಯಾಯಿತು. ಜೂನಿನಲ್ಲಿ ನಿಂತದ್ದು ಬರೀ ಮೋರಿ ನೀರಿಗೆ. ಹಳೇ ಜೀಪು ಅಂದಮೇಲೆ ಅಷ್ಟು ಇದ್ದದ್ದೇ. ಅಲ್ಲಿಂದ ಮುಂದೆ ಪ್ರತಿ ಶುಕ್ರವಾರ ಸಾವಿತ್ರಮ್ಮ ಅದಕ್ಕೆ ಎಳನೀರಿನಂಥ ಕಾಯಿ ನೀರು ಕುಡಿಸಿದ್ದರು. ಪ್ರತಿ ಭಾನುವಾರ ಸಫ್ದರ್ ಆ ಅಂಟನ್ನು ಗ್ರೀಸೆಂದುಕೊಂಡು ಸಂದಿಯೆಲ್ಲ ಒರೆಸಿ, ಬದಲಿಸಿದ ಹೊಸ ಸಾಮಾನಿನಿಂದ ರಿಪೇರಿಯಾಯಿತೆಂದು ಬೀಗಿದ್ದ. ಸಫ್ದರನಿಗೆ ಸ್ವಲ್ಪ ನಾಚಿಕೆಯೂ ಆಯಿತು.

"ಪೂಜೆ ತಪ್ಪಲ್ಲ ಅಮ್ಮಾವ್ರೇ. ಕಾಯಿ ನೀರು ಒಣಗಿದ ಮೇಲೆ ಅಂಟು ಉಳೀತದೆ. ಆ ಅಂಟು ಥಂಡಿ ಹೀರ್ಕೊಂಡ್ರೆ ಕರೆಂಟು ಅದ್ರ ಮೇಲೇ ಓಡೋಗ್ತದೆ. ಇನ್ಮೇಲೆ ಚಕ್ರಕ್ಕೆ ಎಷ್ಟು ಬೇಕಾದ್ರೂ ಸುರೀರಿ. ಎಂಜಿನ್ನಿಗೆ ಮಾತ್ರ ಪಥ್ಯ. ಶುಗರ್ ಇರೋ ಗೌಡ್ರಿಗೆ ಹೆಂಗೆ ಸಿಹಿ ಕೊಡಲ್ವೋ ಹಂಗೆ."

ಸಾವಿತ್ರಮ್ಮ ಇರುವೆ ಸಾಲನ್ನು ಬಹಳ ಹೊತ್ತು ನೋಡಿದರು. ಸೋಲು ಒಪ್ಪುವ ಹೆಂಗಸಲ್ಲ. "ಬಾಯಲ್ಲಿ ಹೇಳಿದ್ರೆ ಆಗಲ್ಲ. ತೊಳ್ದು ಹಾಕು. ನಾನೇ ಕೂತ್ಕೊಂಡು ಬರ್ತೀನಿ. ಆಮೇಲೆ ಕುಮಾರನ ವಿಷ್ಯ."

ಸಫ್ದರ್ ಮುಚ್ಚಳ, ವಯರು, ಕಾಯಿಲ್ ಎಲ್ಲವನ್ನೂ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ ಕೂರಿಸಿದ. ಮುಂದೆ ಕುಮಾರನ ಪಕ್ಕ ಸಫ್ದರ್, ಬಾಗಿಲ ಕಡೆ ಮಂಜಯ್ಯ, ಹಿಂದೆ ಸಾವಿತ್ರಮ್ಮ, ಹೀಗೆ ನಾಲ್ವರೂ ಹೊರಟರು. ಮಳೆ ಬಕೆಟ್ಟಿನಲ್ಲಿ ಸುರಿದಂತೆ ಸುರಿಯುತ್ತಿತ್ತು. ಮೋರಿಯ ನೀರು ಬಾನೆಟ್ ಮೇಲೆ ಹಾರಿತು. ಕುಮಾರ್ ಉಸಿರು ಬಿಗಿಹಿಡಿದ. ಜೀಪು ಕೆಮ್ಮಲಿಲ್ಲ.

"ಆಯ್ತಲ್ಲ, ವಾಪಸ್ ತಿರ್ಗಿಸು," ಎಂದರು ಮಂಜಯ್ಯ, ತುಸು ಅವಸರದಲ್ಲಿ.

"ಇಲ್ಲ ಗೌಡ್ರೇ," ಎಂದ ಸಫ್ದರ್. "ಒದ್ದೆಯಲ್ಲಿ ಆಫ್ ಮಾಡಿ ಮತ್ತೆ ಸ್ಟಾರ್ಟ್ ಆದ್ರೇ ಗ್ಯಾರಂಟಿ. ಯಾವಾಗ್ಲೂ ನಿಲ್ಲೋ ಜಾಗದಲ್ಲೇ ನಿಲ್ಸು ಕುಮಾರ."

"ಇಲ್ಲಿ ಯಾಕೆ ಮಾರಾಯ, ಮುಂದೆ ನಿಲ್ಸಿದ್ರೆ ಆಗಲ್ವಾ?"

"ಇಲ್ಲೇ ನಿಲ್ಲಿಸ್ಲಿ," ಎಂದರು ಹಿಂದಿನ ಸೀಟಿನಿಂದ ಸಾವಿತ್ರಮ್ಮ.

ಕುಮಾರ್ ಬಾರಿನ ಮುಂದೆ ಎಂಜಿನ್ ಆಫ್ ಮಾಡಿದ. ಮರುಗಳಿಗೆಯಲ್ಲಿ ಬಾರಿನವನು ದೊಡ್ಡ ಕೊಡೆ ಬಿಚ್ಚಿಕೊಂಡು ಓಡಿಬಂದು, ನೆಟ್ಟಗೆ ಮಂಜಯ್ಯನವರ ಬಾಗಿಲ ಹತ್ತಿರ ನಿಂತ.

"ಬನ್ನಿ ಅಣ್ಣ! ಇವತ್ತು ಎರಡ್ನೇ ಸಲ ಕೆಟ್ಟೋಯ್ತಾ? ನಿಮ್ಮ ಮೂಲೆ ಟೇಬಲ್ ಖಾಲಿ ಇದೆ. ಕುಮಾರ, ನೀನು ಹೆಂಗೂ ಒಳಗೆ ಬರಲ್ಲ, ಟೀ ಕಳಿಸ್ಲಾ?"

ಆಮೇಲೆ ಹಿಂದಿನ ಸೀಟು ನೋಡಿದ. ಕೊಡೆ ತಾನಾಗೇ ಮಡಚಿಕೊಂಡಿತೋ ಅವನು ಮಡಚಿದನೋ, ಮಳೆಯಲ್ಲಿ ನೆನೆಯುತ್ತ ಒಳಗೋಡಿದ.

ಸಾವಿತ್ರಮ್ಮ ಬಾರಿನ ಬಾಗಿಲನ್ನೊಮ್ಮೆ, ಗಂಡನ ಬೆನ್ನನ್ನೊಮ್ಮೆ ನೋಡಿದರು. ಮಂಜಯ್ಯನವರು ಮತ್ತೆ ಮಳೆ ನೋಡತೊಡಗಿದ್ದರು.

"ಕುಮಾರ, ಸ್ಟಾರ್ಟ್ ಮಾಡು," ಎಂದರು ಸಾವಿತ್ರಮ್ಮ. ಜೀಪು ಒಂದೇ ಏಟಿಗೆ ಸ್ಟಾರ್ಟ್ ಆಯಿತು. "ನೀನು ಕೆಲಸದಲ್ಲೇ ಇರು. ಶನಿವಾರ ಕಳಸಕ್ಕೆ ನಾನೂ ಬರ್ತೀನಿ."

ಸಫ್ದರ್ ನಗು ಕಾಣದಂತೆ ಮುಖ ಆಚೆ ತಿರುಗಿಸಿಕೊಂಡ. ಮಂಜಯ್ಯನವರು ಅವನ ಕಡೆ ಬಾಗಿ ಪಿಸುಗುಟ್ಟಿದರು: "ಒಂದು ಕಾಯಿಯಷ್ಟು ಅಂಟಾದ್ರೂ ಉಳ್ಸಿ ರಿಪೇರಿ ಮಾಡ್ಬಾರ್ದಿತ್ತಾ, ಪಾಪಿ?"