ವ್ಯಾನಿನ ಹಾರ್ನ್ ಕೇಳಿದರೆ ಹೊಟ್ಟೆನೋವು

ಬೆಟ್ಟದಪುರದ ಹತ್ತಿರದ ಹಳ್ಳಿಯೊಂದರಲ್ಲಿ ಸುನಂದಮ್ಮನ ಮಗಳು ಪುಟ್ಟಿಗೆ ಬೆಳಗಾದರೆ ಹೊಟ್ಟೆನೋವು. ಆರನೇ ಕ್ಲಾಸಿನ ಹುಡುಗಿ. ಭಾನುವಾರ ಚೆನ್ನಾಗಿ ಆಡಿಕೊಂಡಿದ್ದವಳು ಸೋಮವಾರ ಶಾಲೆಯ ವ್ಯಾನಿನ ಹಾರ್ನ್ ಕೇಳಿದೊಡನೆ ಮುದುರಿ ಮಲಗಿಬಿಡುತ್ತಿದ್ದಳು. ಸುನಂದಮ್ಮ ಓಮಿನ ಕಷಾಯ ಕುಡಿಸಿದಳು, ದೃಷ್ಟಿ ತೆಗೆದಳು. ಡಾಕ್ಟರು ನೋಡಿ ಹೊಟ್ಟೆಯಲ್ಲಿ ಏನೂ ತೊಂದರೆ ಇಲ್ಲವೆಂದರು. ಸ್ಕೂಲು ತಪ್ಪಿಸುವ ನಾಟಕ ಇದು ಎಂದು ಗಂಡ ಕರಿಯಪ್ಪ ಗದರಿ, ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಒಲೆಗೆ ಸೌದೆ ಹಾಕಲು ಹೊರಟುಹೋದ.

ತಾಯಿಗೆ ಮಾತ್ರ ಸಮಾಧಾನವಿರಲಿಲ್ಲ. ಮಗು ಸರಿಯಾಗಿ ಉಣ್ಣುತ್ತಿರಲಿಲ್ಲ. ಯಾರಾದರೂ ಹಿಂದಿನಿಂದ ಮುಟ್ಟಿದರೆ ಬೆಚ್ಚಿಬೀಳುತ್ತಿತ್ತು. ಒಂದು ದಿನ ತಲೆ ಬಾಚುತ್ತ, ಬೈಯದೆ, ಮೆಲ್ಲಗೆ ಕೇಳಿದಳು. ಪುಟ್ಟಿ ಬಾಯಿಬಿಟ್ಟಳು. ವ್ಯಾನಿನಿಂದ ಕೊನೆಗೆ ಇಳಿಯುವವಳು ಅವಳೇ. ಉಳಿದ ಮಕ್ಕಳೆಲ್ಲ ಇಳಿದ ಮೇಲೆ ಡ್ರೈವರು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮುಟ್ಟಬಾರದ ಕಡೆ ಮುಟ್ಟುತ್ತಿದ್ದ. ಮನೆಯಲ್ಲಿ ಹೇಳಿದರೆ ನಿನ್ನ ಮೇಲೆಯೇ ಅಪ್ಪನಿಗೆ ಚಾಡಿ ಹೇಳುತ್ತೇನೆಂದು ಹೆದರಿಸಿದ್ದ.

“ನಂದೇ ತಪ್ಪೇನವ್ವಾ?” ಎಂದಳು ಪುಟ್ಟಿ.

“ಇಲ್ಲ ಕಣವ್ವ. ನಿಂದೇನೂ ತಪ್ಪಿಲ್ಲ. ನನ್ತಾವ ಯೋಳಿದ್ದು ಒಳ್ಳೇದಾಯ್ತು.”

ಸುನಂದಮ್ಮ ಜಡೆ ಹೆಣೆದು ಮುಗಿಸಿದಳು, ಅಂದು ಮಗಳನ್ನು ಶಾಲೆಗೆ ಕಳಿಸಲಿಲ್ಲ.

ವಿಷಯ ಕೇಳಿ ಕರಿಯಪ್ಪ ಸಿಟ್ಟಿನಲ್ಲಿ ಎದ್ದು ನಿಂತ. ಮರುಗಳಿಗೆಯೇ ಜಗಲಿ ಮೇಲೆ ಕುಸಿದು ಕೂತ.

“ಊರ್ಗೆ ಗೊತ್ತಾದ್ರೆ ಮಗೀನ ಗತಿ ಏನು? ಟೇಸನ್ನು, ಕೋರ್ಟು ಅಂತ ಅದುನ್ನ ಅಲೆಸ್ಬೇಕಾ?”

ಅವನು ನೇರ ಶಾಲೆಗೆ ಹೋದ. ಶಾಲೆ ನಡೆಸುವ ರೇಣುಕಾಪ್ರಸಾದ್ ಎಲ್ಲ ಕೇಳಿಸಿಕೊಂಡು, ಡ್ರೈವರನ್ನು ಆಗಲೇ ಕೆಲಸದಿಂದ ತೆಗೆದರು. ಮಗುವಿನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ, ಇದನ್ನು ಇಲ್ಲಿಗೇ ಬಿಟ್ಟುಬಿಡಿ ಎಂದು ಕೈಮುಗಿದರು. ಕರಿಯಪ್ಪ ಹಗುರಾಗಿ ಮನೆಗೆ ಬಂದ. ಸುನಂದಮ್ಮ ಮಾತ್ರ, ಆ ಡ್ರೈವರು ಇನ್ನೂ ಇದೇ ರಸ್ತೆಯಲ್ಲಿ ಓಡಾಡಿಕೊಂಡಿದ್ದಾನಲ್ಲ ಎಂದುಕೊಂಡು ಮಗಳನ್ನು ಹಿತ್ತಲಿಗೂ ಒಬ್ಬಳನ್ನೇ ಬಿಡಲಿಲ್ಲ.

ಅದೇ ಬೀದಿಯಲ್ಲಿ ಬೆಳೆದ ಉಷಾರಾಣಿ ಪಿರಿಯಾಪಟ್ಟಣದ ಕೋರ್ಟಿನಲ್ಲಿ ವಕೀಲೆ. ರಜೆಗೆ ತವರಿಗೆ ಬಂದಿದ್ದಳು. ಸುನಂದಮ್ಮ ಸೆರಗು ಬಾಯಿಗಿಟ್ಟುಕೊಂಡು ಎಲ್ಲವನ್ನೂ ಹೇಳಿದಳು. ಉಷಾರಾಣಿ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡು, ಅವಳ ಜೊತೆಯಲ್ಲೇ ಎದ್ದು ಬಂದಳು.

ಮಕ್ಕಳ ರಕ್ಷಣೆಗೆಂದೇ ಪೋಕ್ಸೊ ಕಾಯ್ದೆ ಇದೆ ಎಂದು ಅವಳು ಕರಿಯಪ್ಪನಿಗೆ ತಿಳಿಸಿದಳು. ಮಗುವನ್ನು ಠಾಣೆಗೆ ಅಲೆಸುವಂತಿಲ್ಲ, ಹೇಳಿಕೆಯನ್ನು ಮನೆಯಲ್ಲೇ ಪಡೆಯಬಹುದು. ಮಗುವಿನ ಹೆಸರು, ಊರು ಯಾವ ಪತ್ರಿಕೆಯಲ್ಲೂ ಬರುವಂತಿಲ್ಲ. ಮಕ್ಕಳಿಗೆ ಮತ್ತು ಹೆಂಗಸರಿಗೆ ಕಾನೂನು ಸೇವಾ ಸಮಿತಿಯವರು ಪುಕ್ಕಟೆಯಾಗಿ ವಕೀಲರನ್ನು ಕೊಡುತ್ತಾರೆ. ಇನ್ನು, ವಿಷಯ ಗೊತ್ತಿದ್ದೂ ಪೊಲೀಸರಿಗೆ ತಿಳಿಸದೆ ಮುಚ್ಚಿಡುವುದೇ ಅಪರಾಧ. ಅದು ಶಾಲೆಯವರಿಗೂ ಅನ್ವಯಿಸುತ್ತದೆ.

“ಎಂಗೋ ಕೆಲ್ಸದಿಂದ ತೆಗೆದ್ರಲ್ಲ, ಸಾಕು ಬುಡವ್ವ” ಎಂದ ಕರಿಯಪ್ಪ.

“ತೆಗೆದ್ರು ಸರಿ ಕಣಣ್ಣ. ನಾಳೆ ಅವನು ಇನ್ನೊಂದು ಸ್ಕೂಲಿನ ವ್ಯಾನ್ ಓಡುಸ್ತಾನೆ. ಈ ಸ್ಕೂಲಿಗೆ ಬರೋಕ್ಕೆ ಮುಂಚೆ ಎಲ್ಲಿದ್ದ ಅಂತ ಯಾರಾದ್ರೂ ವಿಚಾರ್ಸಿದ್ರಾ?”

ಡ್ರೈವರು ಹುಣಸೂರು ಕಡೆಯವನು. ಕರಿಯಪ್ಪ ಅಲ್ಲಿದ್ದ ತನ್ನ ಭಾವಮೈದ ಕುಮಾರನಿಗೆ ಫೋನು ಮಾಡಿ ವಿಚಾರಿಸಿದ. ಕುಮಾರ ಗೊತ್ತಿದ್ದವರನ್ನು ಕೇಳಿ ತಿರುಗಿ ಫೋನು ಮಾಡಿದ. ಅಲ್ಲಿಯೂ ಒಂದು ಶಾಲೆಯವರು ಅವನನ್ನು ಹೀಗೇ ಸದ್ದಿಲ್ಲದೆ ಕೆಲಸ ಬಿಡಿಸಿದ್ದರಂತೆ. ಅಲ್ಲಿನ ಮಗುವೊಂದಕ್ಕೂ ಇದೇ ಆಗಿತ್ತಂತೆ, ಅದರ ಮನೆಯವರು ಮಾನಕ್ಕೆ ಅಂಜಿ ಸುಮ್ಮನಾಗಿದ್ದರಂತೆ.

ಕರಿಯಪ್ಪ ಫೋನು ಕೆಳಗಿಟ್ಟ. ಅವನ ಕಣ್ಣು ತುಂಬಿತ್ತು.

“ಅವ್ರು ಅವತ್ತು ಬಾಯ್ಬುಟ್ಟಿದ್ರೆ ನಮ್ ಮಗೀಗೆ ಇಂಗಾಯ್ತಿರ್ಲಿಲ್ಲ” ಎಂದ. ಆಮೇಲೆ ಹೆಂಡತಿ ಕಡೆ ತಿರುಗಿ, “ನೀನೇ ಫೋನ್ ಮಾಡು ಸುನಂದ” ಎಂದ.

ಸುನಂದಮ್ಮ ಮಕ್ಕಳ ಸಹಾಯವಾಣಿಗೆ ಫೋನು ಮಾಡಿದಳು. ಅಲ್ಲಿಂದ ಪೊಲೀಸರಿಗೆ ತಿಳಿಯಿತು. ಮಹಿಳಾ ಅಧಿಕಾರಿಯೊಬ್ಬರು ಖಾಕಿ ಹಾಕದೆ ಸಾದಾ ಸೀರೆಯಲ್ಲಿ ಮನೆಗೇ ಬಂದರು. ಪುಟ್ಟಿ ಅಮ್ಮನ ಸೊಂಟಕ್ಕೆ ಅಂಟಿಕೊಂಡು, ತಡೆದು ತಡೆದು ನಡೆದದ್ದನ್ನು ಹೇಳಿದಳು. ಅವರು ಅವಸರ ಮಾಡಲಿಲ್ಲ. ಪೊಲೀಸರು ಡ್ರೈವರನ್ನು ಬಂಧಿಸಿದರು. ಮುಚ್ಚಿಟ್ಟದ್ದೇಕೆಂದು ರೇಣುಕಾಪ್ರಸಾದರನ್ನೂ ವಿಚಾರಣೆಗೆ ಕರೆದರು.

ಆಮೇಲೆ ಶಾಲೆಯಲ್ಲಿ ಪೋಷಕರ ಸಭೆ ನಡೆಯಿತು. ಕರಿಯಪ್ಪ ಮುಂದಿನ ಸಾಲಿನಲ್ಲೇ ಕೂತಿದ್ದ. ವ್ಯಾನಿನವರ ಹಿನ್ನೆಲೆಯನ್ನು ಪೊಲೀಸರಿಂದ ಪರಿಶೀಲಿಸದೆ ಕೆಲಸಕ್ಕೆ ಇಟ್ಟುಕೊಳ್ಳಬಾರದು, ಕೊನೆಯ ಮಗು ಇಳಿಯುವವರೆಗೆ ವ್ಯಾನಿನಲ್ಲಿ ಒಬ್ಬ ಹೆಂಗಸು ಇರಬೇಕು, ಶಾಲೆಯ ಮಕ್ಕಳ ರಕ್ಷಣಾ ಸಮಿತಿ ಹೆಸರಿಗಷ್ಟೇ ಇರದೆ ಕೆಲಸ ಮಾಡಬೇಕು ಎಂದು ಪೋಷಕರು ಪಟ್ಟು ಹಿಡಿದರು. ಶಾಲೆ ಒಪ್ಪಲೇಬೇಕಾಯಿತು.

ಕೇಸು ಇನ್ನೂ ನಡೆಯುತ್ತಿದೆ. ವಾಯಿದೆ ಬಂದಾಗಲೆಲ್ಲ ಸುನಂದಮ್ಮ ಕೋರ್ಟಿಗೆ ಓಡುತ್ತಾಳೆ. ಸಂಜೆ ವ್ಯಾನು ಸ್ವಲ್ಪ ತಡವಾದರೂ ಅವಳು ರಸ್ತೆಯಲ್ಲಿ ನಿಂತಿರುತ್ತಾಳೆ. ಪುಟ್ಟಿ ಆಪ್ತಸಮಾಲೋಚಕಿಯ ಬಳಿ ಹೋಗಿಬರುತ್ತಾಳೆ. ಈಗ ಹೊಟ್ಟೆತುಂಬ ಉಣ್ಣುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮಗು ಕಾರಣವಿಲ್ಲದೆ ಹೆದರುತ್ತಿದ್ದರೆ ಗದರಬೇಡಿ, ಕೂರಿಸಿಕೊಂಡು ಕೇಳಿ. ಹೇಳಿದ್ದನ್ನು ನಂಬಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಉಚಿತ ಕಾನೂನು ನೆರವಿಗೆ 15100ಕ್ಕೆ ಕರೆ ಮಾಡಿ, ಇಲ್ಲವೇ ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ. ಮಾನ ಹೋಗಬೇಕಾದದ್ದು ತಪ್ಪು ಮಾಡಿದವನದು, ಮಗುವಿನದಲ್ಲ. ನೀವು ಸುಮ್ಮನಾದರೆ ಅವನು ಮುಂದಿನ ಊರಿಗೆ ಹೋಗುತ್ತಾನೆ. ಅಲ್ಲಿಯೂ ಮಕ್ಕಳಿದ್ದಾರೆ.