ಮೂಗಿನ ತುದಿಯ ಗುಳ್ಳೆ

ಐಗಳಿಯಲ್ಲಿ ಯಾರಿಗಾದರೂ ಸರ್ಪಸುತ್ತು ಎದ್ದರೆ ಮಂದಿ ಮೊದಲು ನೆನೆಯುತ್ತಿದ್ದುದು ದೇವರನ್ನಲ್ಲ, ದುಂಡವ್ವನನ್ನು. ಮೈಯ ಒಂದೇ ಮಗ್ಗುಲಿಗೆ ಹಾವು ಹರಿದಂತೆ ಸಾಲುಗುಳ್ಳೆ ಏಳುವ, ಕೆಂಡ ಸುರಿದಂತೆ ಉರಿಯುವ ಆ ಹುಣ್ಣಿನ ಸುತ್ತ ಆಕೆ ಹುರಮಂಜನ್ನು, ಅಂದರೆ ನೀರಲ್ಲಿ ತೇಯ್ದ ಕೆಂಪು ಮಣ್ಣನ್ನು, ಗೆರೆಯಾಗಿ ಬರೆದು ಕಟ್ಟು ಹಾಕುತ್ತಿದ್ದಳು. ಸರ್ಪದ ಹೆಡೆ ಸೊಂಟ ಸುತ್ತಿ ಬಂದು ಬಾಲವನ್ನು ಮುಟ್ಟಿದರೆ ಆಳು ಉಳಿಯುವುದಿಲ್ಲ ಎಂಬುದು ಊರಿನ ನಂಬಿಕೆ. ಮೂವತ್ತು ವರ್ಷದಲ್ಲಿ ದುಂಡವ್ವನ ಗೆರೆ ದಾಟಿ ಒಂದು ಹೆಡೆಯೂ ಬಾಲವನ್ನು ಮುಟ್ಟಿರಲಿಲ್ಲ. ಈ ಹುಣ್ಣು ಸಾಮಾನ್ಯವಾಗಿ ತಾನಾಗಿಯೇ ಅರ್ಧ ಮೈಗೆ ನಿಲ್ಲುವಂಥದ್ದು ಎಂದು ಆಕೆಗೆ ಹೇಳುವವರು ಯಾರು? ನಿಂತದ್ದೆಲ್ಲ ಆಕೆಯ ಕೈಗುಣವಾಯಿತು.

ಕೈಗುಣ ಇದ್ದ ಮೇಲೆ ಕಟ್ಟಳೆಯೂ ಇರಬೇಕಲ್ಲ. ಒಂಬತ್ತು ದಿನ ಗೆರೆಗೆ ನೀರು ತಾಗಬಾರದು, ಊರ ಸೀಮೆ ದಾಟಬಾರದು, ಸೂಜಿ ಚುಚ್ಚಿಸಿಕೊಳ್ಳಬಾರದು. ತಪ್ಪಿದರೆ ಸರ್ಪ ಸಿಟ್ಟಿಗೆದ್ದು ಮೈಯೊಳಗೆ ಇಳಿಯುತ್ತದೆ. ಇದನ್ನು ಆಕೆ ಎಷ್ಟು ಸಲ ಹೇಳಿದ್ದಳೆಂದರೆ, ಮಗ ಅಣ್ಣಾಸಾಬ ನಿದ್ದೆಗಣ್ಣಿನಲ್ಲೂ ಒಪ್ಪಿಸುತ್ತಿದ್ದ.

ಆ ಸರ್ಪ 1993ರಲ್ಲಿ, ಕಾರಹುಣ್ಣಿಮೆ ಮುಗಿದ ವಾರ, ದುಂಡವ್ವನ ಮನೆಗೇ ಬಂತು. ಸೊಸೆ ಸಕ್ಕುಬಾಯಿಗೆ ಎರಡು ದಿನದಿಂದ ಹಣೆಯ ಎಡಭಾಗ ಸಿಡಿಯುತ್ತಿತ್ತು. ದ್ರಾಕ್ಷಿ ತೋಟದ ಬಿಸಿಲಿಗೆ ಹೀಗಾಗಿದೆ ಅಂದುಕೊಂಡು ತಲೆಗೆ ಬಟ್ಟೆ ಬಿಗಿದು ಕೆಲಸ ಮಾಡಿದಳು. ಮಂಗಳವಾರ ಮುಂಜಾನೆ ಎಡ ಹುಬ್ಬಿನ ಮೇಲೆ ಗುಳ್ಳೆಗಳು ಕಾಣಿಸಿದವು.

ದುಂಡವ್ವ ನೋಡಿದವಳೇ ನಿಟ್ಟುಸಿರು ಬಿಟ್ಟಳು. ಹೆದರಿಕೆಯಿಂದಲ್ಲ, ಸಮಾಧಾನದಿಂದ.

"ಹಣಿ ಮ್ಯಾಲ ಐತಿ, ಬಿಡ. ಸೊಂಟಕ್ಕ ಎದ್ದಿದ್ರ ಅಂಜಬೇಕಿತ್ತು. ಹಣಿಗೆ ಎದ್ದ ಸರ್ಪ ಎಲ್ಲಿಗಂತ ಸುತ್ತತೈತಿ? ಕೂದಲದಾಗ ಸಿಕ್ಕೊಂಡ ಸಾಯತೈತಿ."

ಅಣ್ಣಾಸಾಬ ನಕ್ಕ. ಸಕ್ಕುಬಾಯಿ ನೋವಿನಲ್ಲೂ ನಗಲು ನೋಡಿದಳು. ಅತ್ತೆ ಗೆರೆ ಬರೆದಳು, ಮಂತ್ರ ಗೊಣಗಿದಳು, ಸೊಸೆಯನ್ನು ನಡುಮನೆಯ ಕತ್ತಲೆಯಲ್ಲಿ ಮಲಗಿಸಿದಳು. ಬುಧವಾರ ಕಣ್ಣರೆಪ್ಪೆ ಊದಿತು. "ಸರ್ಪ ಒದ್ದಾಡಾಕತ್ತೈತಿ" ಎಂದಳು ದುಂಡವ್ವ, ದೊಡ್ಡ ಗತ್ತಿನಿಂದ.

ಗುರುವಾರ ನಸುಕಿನಲ್ಲಿ ಹಾಲು ಕರೆದು ಒಳಗೆ ಬಂದವಳು ಸೊಸೆಯ ಮುಖಕ್ಕೆ ಕಂದೀಲು ಹಿಡಿದಳು. ಎಡಗಣ್ಣು ಪೂರ್ತಿ ಮುಚ್ಚಿಕೊಂಡಿತ್ತು. ಮೂಗಿನ ತುದಿಯ ಎಡಮಗ್ಗುಲಲ್ಲಿ ಎಳ್ಳಿನಷ್ಟು ಗಾತ್ರದ ಒಂದು ನೀರುಗುಳ್ಳೆ ಎದ್ದಿತ್ತು.

ದುಂಡವ್ವ ಕಂದೀಲನ್ನು ಇನ್ನಷ್ಟು ಹತ್ತಿರ ತಂದಳು. ಈ ಗುಳ್ಳೆಯನ್ನು ಆಕೆ ಹಿಂದೊಮ್ಮೆ ನೋಡಿದ್ದಳು. ಹತ್ತು ವರ್ಷದ ಹಿಂದೆ, ಓಣಿಯ ಆಚೆ ಬದಿಯ ಲಗಮಣ್ಣನಿಗೆ ಹಣೆಯ ಮೇಲೆ ಸರ್ಪ ಎದ್ದಾಗ. ಅವನಿಗೂ ಮೂರನೆಯ ದಿನ ಇದೇ ಜಾಗದಲ್ಲಿ, ಇಷ್ಟೇ ಗಾತ್ರದ್ದು. ಆಮೇಲೆ ಅವನ ಕಣ್ಣು ಊದಿ, ಕೆಂಪಾಗಿ, ಕೊನೆಗೆ ಸುಲಿದ ಬೆಳ್ಳುಳ್ಳಿಯಂತೆ ಬೆಳ್ಳಗಾಯಿತು. "ಸರ್ಪ ಕಣ್ಣ ತಗೊಂಡ ಜೀವ ಬಿಡ್ತು" ಎಂದು ಆಕೆಯೇ ಹೇಳಿದ್ದಳು. ಊರು ತಲೆದೂಗಿತ್ತು. ಲಗಮಣ್ಣನಂತೂ ಕೈಮುಗಿದಿದ್ದ. ಅಂದಿನಿಂದ ಪ್ರತಿ ನಾಗರಪಂಚಮಿಗೆ ಜೀವ ಉಳಿಸಿದವಳೆಂದು ಒಂದು ತೆಂಗಿನಕಾಯಿ ತಂದು ಆಕೆಯ ಮುಂದಿಡುತ್ತಿದ್ದ.

ದುಂಡವ್ವನಿಗೆ ಅಕ್ಷರ ಬರುತ್ತಿರಲಿಲ್ಲ, ನಿಜ. ಆದರೆ ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಎರಡು ಹಣೆ, ಎರಡು ಮೂಗು, ಒಂದೇ ಗುಳ್ಳೆ. ಒಂದು ಕಣ್ಣು ಹೋಗಿದೆ, ಇನ್ನೊಂದು ಹೋಗಲು ಕೂತಿದೆ. ಸೊಂಟ ಸುತ್ತುವ ಹೆಡೆಯನ್ನೇ ಕಾಯುತ್ತ ಕೂತವಳಿಗೆ ಅದು ಕಣ್ಣಿನ ಬಾಗಿಲಿಗೆ ಬಂದದ್ದು ಗೊತ್ತೇ ಆಗಿರಲಿಲ್ಲ.

"ಅಣ್ಣಾಸಾಬ, ಏಳ. ಅಥಣಿಗೆ ಹೋಗೂಣು. ಗುರುವಾರಕ್ಕೊಮ್ಮಿ ಮಿರಜದಿಂದ ಚರ್ಮದ ಡಾಕ್ಟರ ಬರ್ತಾರಂತ."

ಅಣ್ಣಾಸಾಬ ದಿಗ್ಗನೆ ಎದ್ದು ಕೂತ. "ನಿನಗೇನ ತಲಿ ಕೆಟ್ಟೈತೇನಬೇ ಅವ್ವಾ? ಸೀಮಿ ದಾಟಬಾರ್ದು ಅಂದಾಕಿ ನೀನ. ಸೂಜಿ ಚುಚ್ಚಿದ್ರ ಒಳಗ ಇಳೀತೈತಿ ಅಂದಾಕಿ ನೀನ. ಇನ್ನ ಎರಡ ದಿನಾನೂ ಆಗಿಲ್ಲ. ಈಕಿಗೆ ಏನರ ಆದ್ರ?"

ಹೆಂಡತಿಯ ಮೇಲಿನ ಪ್ರೀತಿಯಿಂದಲೇ ಅವನು ಬಾಗಿಲಿಗೆ ಅಡ್ಡ ನಿಂತ. ಅದೇ ದೊಡ್ಡ ಸಂಕಟ. ತಾನು ಹೆಣೆದ ಬಲೆಗೆ ತಾನೇ ಸಿಕ್ಕಿಬಿದ್ದಂತಾಗಿತ್ತು ದುಂಡವ್ವನಿಗೆ. ನಾನು ಹೇಳಿದ್ದು ಸುಳ್ಳಿರಬೇಕು ಎಂದು ಮಗನ ಮುಂದೆ ಒಪ್ಪಿಕೊಳ್ಳಲು ಆಗಲಿಲ್ಲ.

ಆಗಲೇ ಲಗಮಣ್ಣ ಹಾಲಿನ ಕ್ಯಾನು ಒಯ್ಯಲು ಬಂದ. ಊರ ಹಾಲನ್ನೆಲ್ಲ ಕೂಡಿಸಿ ಟೆಂಪೋಗೆ ಏರಿಸಿ, ತಾನೂ ಹಿಂದೆ ಕೂತು ಅಥಣಿಗೆ ಹೋಗುವುದು ಅವನ ದಿನದ ಕೆಲಸ. ಜಗಳ ಕೇಳಿ ಒಳಗೆ ಇಣುಕಿದ.

"ದುಂಡಕ್ಕಾ, ನಿನ್ನ ಗೆರಿ ಮ್ಯಾಲ ನಿನಗ ನಂಬಿಕಿ ಇಲ್ಲಂದ್ರ ಹೆಂಗ? ನನ್ನ ನೋಡ. ಗುಂಡಕಲ್ಲ ಇದ್ದಂಗ ಅದೀನಿ."

ನೋಡು ಎಂದು ಅವನು ಮುಂದೆ ಮಾಡಿದ ಮುಖದಲ್ಲಿ ಆ ಬಿಳಿ ಕಣ್ಣಿತ್ತು. ಹತ್ತು ವರ್ಷ ದಿನಾ ನೋಡಿದ ಕಣ್ಣು. ದುಂಡವ್ವನಿಗೆ ಇವತ್ತು ಅದನ್ನು ನೋಡಲಾಗಲಿಲ್ಲ.

ಆಕೆ ತಂಬಿಗೆ ಎತ್ತಿಕೊಂಡಳು. ಸೆರಗಿನ ತುದಿಯನ್ನು ಅದ್ದಿ, ಸೊಸೆಯ ಪಕ್ಕ ಕೂತು, ಹಣೆಯ ಮೇಲಿನ ಹುರಮಂಜನ್ನು ಒರೆಸತೊಡಗಿದಳು. ಸಕ್ಕುಬಾಯಿ ಉರಿಗೆ ಚೀರಿದಳು. ಅಣ್ಣಾಸಾಬ ಹಾರಿ ಬಂದು ತಾಯಿಯ ರಟ್ಟೆ ಹಿಡಿದ. ಅಷ್ಟರಲ್ಲಿ ಅರ್ಧ ಗೆರೆ ಸೆರಗಿಗೆ ಇಳಿದಿತ್ತು.

"ಅಳಿಸಿಬಿಟ್ಟೀನಿ" ಎಂದಳು ದುಂಡವ್ವ, ಏದುಸಿರು ಬಿಡುತ್ತ. "ಕಟ್ಟ ಹರೀತು. ಕಟ್ಟ ಇಲ್ಲಂದ ಮ್ಯಾಲ ಕಟ್ಟಳಿ ಎಲ್ಲೀದು? ಇನ್ನ ನನ್ನ ಕೈಯಾಗ ಏನೂ ಇಲ್ಲ. ಈಕಿನ್ನ ಹಿಂಗ ಮಲಗಸ್ತೀಯೋ, ಡಾಕ್ಟರ ಕಡೆ ಒಯ್ತೀಯೋ, ನೀನ ನೋಡ."

ಗೆರೆಯಿಲ್ಲದ ಸರ್ಪವನ್ನು ಮನೆಯಲ್ಲಿಟ್ಟುಕೊಳ್ಳುವ ಧೈರ್ಯ ಅಣ್ಣಾಸಾಬನಿಗೆ ಎಲ್ಲಿಂದ ಬರಬೇಕು? ತಾಯಿಗೆ ಬಾಯಿಗೆ ಬಂದಂತೆ ಬೈಯುತ್ತಲೇ ಹೆಂಡತಿಯನ್ನು ಎತ್ತಿಕೊಂಡ. ಲಗಮಣ್ಣ ಟೆಂಪೋದಲ್ಲಿ ಕ್ಯಾನುಗಳ ನಡುವೆ ಜಾಗ ಮಾಡಿದ. ಕುಲುಕಾಟಕ್ಕೆ ಒಮ್ಮೊಮ್ಮೆ ಸಕ್ಕುಬಾಯಿ ನರಳುವಾಗ ಅಣ್ಣಾಸಾಬ ತಾಯಿಯತ್ತ ನೋಡುತ್ತಿದ್ದ ನೋಟ ಚೂರಿಯಂತಿತ್ತು. "ಈಕಿಗೆ ಏನರ ಆತಂದ್ರ ನಿನ್ನ ಮಾರಿ ನೋಡೂದಿಲ್ಲ ನಾ" ಎಂದ. ದುಂಡವ್ವ ಸೊಸೆಯ ತಲೆಯನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದುಕೊಂಡಳು.

ದವಾಖಾನೆಯ ಪಡಸಾಲೆ ತುಂಬಿ ತುಳುಕುತ್ತಿತ್ತು. ತೊಡೆಸಂದಿಯ ಹುಳಕಡ್ಡಿಯವರು, ಬೆರಳಸಂದಿಯ ಕಜ್ಜಿಯವರು, ಮುಖದ ಮೇಲೆ ಬಂಗು ಬಂದ ಹೆಂಗಸರು, ಬೆನ್ನೆಲ್ಲ ಬೆವರುಸಾಲೆಯಾದ ಒಬ್ಬ ಪೈಲ್ವಾನ. ಕಂಪೌಂಡರ್ ನಲವತ್ತಮೂರನೆಯ ನಂಬರಿನ ಚೀಟಿ ಕೊಟ್ಟ. ಡಾಕ್ಟರು ಒಂದು ಗಂಟೆಗೆ ಎದ್ದು ಚಿಕ್ಕೋಡಿಗೆ ಹೋಗುತ್ತಾರೆ, ಅಷ್ಟರೊಳಗೆ ನಂಬರು ಬಂದರೆ ಬಂತು, ಇಲ್ಲದಿದ್ದರೆ ಮುಂದಿನ ಗುರುವಾರ ಎಂದ.

ಹನ್ನೆರಡು ಹೊಡೆದಾಗ ನಂಬರು ಹತ್ತೊಂಬತ್ತು. ಕ್ಯಾನು ಇಳಿಸಿ ಮುಗಿಸಿದ ಲಗಮಣ್ಣ ಬಂದು ಬಾಗಿಲ ಬಳಿ ನಿಂತಿದ್ದ. ದುಂಡವ್ವ ಎದ್ದು ಕಂಪೌಂಡರ್‌ನ ಮುಂದೆ ಹೋದಳು.

"ಎಲ್ಲಾರಿಗೂ ತುರಸಾಕತ್ತೈತ್ರಿ, ಅಜ್ಜಿ" ಎಂದ ಅವನು, ಕಣ್ಣೆತ್ತದೆ. "ಪಾಳೇಕ ಕುಂಡ್ರಿ."

ದುಂಡವ್ವ ವಾಪಸು ಬಂದು ಕೂರಲಿಲ್ಲ. ಸೊಸೆಯ ರಟ್ಟೆ ಹಿಡಿದು ಎಬ್ಬಿಸಿ, ಪರದೆ ಸರಿಸಿ, ಹೊಸ್ತಿಲಲ್ಲೇ ಆಕೆಯ ಮುಖದ ಮೇಲಿನ ಸೆರಗು ತೆಗೆದಳು.

"ಸಾಹೇಬ್ರ, ಈಕೀ ಮೂಗಿನ ತುದಿ ನೋಡ್ರಿ!"

ಕಂಪೌಂಡರ್ ಹಿಂದಿನಿಂದ ಎಳೆಯಲು ಬಂದ. ಡಾಕ್ಟರು ಪೆನ್ನು ಕೆಳಗಿಟ್ಟು ಕೈಯೆತ್ತಿ ಅವನನ್ನು ತಡೆದರು. ಎದುರಿಗೆ ಕೂತಿದ್ದ ಹುಳಕಡ್ಡಿಯವನಿಗೆ "ಜರಾ ಸರೀರಿ" ಎಂದು ಹೇಳಿ ಸಕ್ಕುಬಾಯಿಯನ್ನು ಕೂರಿಸಿಕೊಂಡರು. ಊದಿದ ರೆಪ್ಪೆಯನ್ನು ಮೆಲ್ಲಗೆ ಬಿಡಿಸಿ ಬ್ಯಾಟರಿ ಬಿಟ್ಟರು. ಗುಳ್ಳೆ ಎದ್ದು ಎಷ್ಟು ದಿನವಾಯಿತೆಂದು ಕೇಳಿದರು. ಮೂರನೆಯ ದಿನ ಎಂದ ಅಣ್ಣಾಸಾಬ.

"ಇವತ್ತ ಬಂದ್ರಿ, ಚಲೋ ಆತು. ಮೂಗಿನ ತುದಿಗೆ ಹೋಗೋ ನರ ಕಣ್ಣಿಗೂ ಹೋಗತೈತಿ. ಅಲ್ಲಿ ಗುಳ್ಳಿ ಎದ್ರ ಕಣ್ಣಿಗೆ ಗಂಡಾಂತರ ಅಂತನ ತಿಳೀಬೇಕು. ಹುಳಕಡ್ಡಿ ಎಂಟ ದಿನ ತಡದ್ರ ತುರಿಕಿ ಹೆಚ್ಚಾಗತೈತಿ, ಅಷ್ಟ. ಇದು ತಡದ್ರ ಕಣ್ಣ ಹೋಗತೈತಿ." ಚೀಟಿ ಬರೆಯುತ್ತ ತಟ್ಟನೆ ತಲೆಯೆತ್ತಿದರು. "ಅಜ್ಜಿ, ಮೂಗ ನೋಡ್ರಿ ಅಂತ ನಿಮಗ ಯಾರ ಹೇಳಿದ್ರು?"

"ಯಾರೂ ಹೇಳಿಲ್ರಿ. ಹಿಂದ ಒಬ್ಬಂಗ ನೋಡಿದ್ನಿ."

"ಅವಂಗ ಏನಾತು?"

ಬೆನ್ನ ಹಿಂದೆ, ಪರದೆಯ ಪಕ್ಕ, ಲಗಮಣ್ಣ ನಿಂತಿರುವುದು ದುಂಡವ್ವನಿಗೆ ನೋಡದೆಯೂ ಗೊತ್ತಿತ್ತು.

"ಕಣ್ಣ ಹೋತ್ರಿ."

ಹಿಂದಿನಿಂದ ಲಗಮಣ್ಣನ ಧ್ವನಿ ಬಂತು, ಬಹಳ ಸಣ್ಣದಾಗಿ.

"ಅಕ್ಕಾ, ನಂದೂ ಮೂಗಿನ ಮ್ಯಾಲ ಎದ್ದಿತ್ತೇನ?"

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಗೆರೆಯಿದ್ದ ಆ ಒಂಬತ್ತು ದಿನ ಅವನಿಗೆ ಕನ್ನಡಿ ಕೊಡದವಳೂ ಆಕೆಯೇ. ಆ ಗುಳ್ಳೆ ಕಂಡವಳು ಆಕೆ ಒಬ್ಬಳೇ. ಕಣ್ಣಿಗೆ ಮಣ್ಣೆರಚುವುದು ಅಂತಾರಲ್ಲ, ಅದನ್ನು ಆಕೆ ತಿಳಿಯದೆ ಒಮ್ಮೆ ಮಾಡಿಯಾಗಿತ್ತು. ತಿಳಿದು ಇನ್ನೊಮ್ಮೆ ಮಾಡಲು ಕೈ ಬರಲಿಲ್ಲ.

"ಎದ್ದಿತ್ತು, ತಮ್ಮಾ. ನಾ ನೋಡಿದ್ನಿ."

ಲಗಮಣ್ಣ ಡಾಕ್ಟರ ಕಡೆ ತಿರುಗಿದ. "ಹತ್ತ ವರ್ಷದ ಹಿಂದ ನಾ ಹಿಂಗ ಬಂದಿದ್ರ ಉಳೀತಿತ್ತೇನ್ರಿ?"

ಡಾಕ್ಟರು ಅವನ ಬಿಳಿ ಕಣ್ಣನ್ನು ನೋಡಿದರು, ಮುದುಕಿಯನ್ನೂ ನೋಡಿದರು. "ಈ ಗುಳಿಗಿ ಆಗ ಇರಲಿಲ್ಲ. ಕಣ್ಣಿಗೆ ಹಾಕೋ ಔಷಧ ಇತ್ತು. ಉಳೀತಿತ್ತೋ ಇಲ್ಲೋ, ಹೇಳಾಕ ಬರೂದಿಲ್ಲಪಾ."

ಲಗಮಣ್ಣ ಹೊರಗೆ ಹೋದ. ಡಾಕ್ಟರು ದಿನಕ್ಕೆ ಐದು ಸಲ ನುಂಗುವ ಗುಳಿಗೆ ಬರೆದರು. ಮನೆಗೆ ಹೋಗುವ ಮುನ್ನ, ಈಗಿಂದೀಗ, ಹಿಂದಿನ ಓಣಿಯ ಕಣ್ಣಿನ ಡಾಕ್ಟರಿಗೆ ತೋರಿಸಿಯೇ ಹೋಗಬೇಕೆಂದು ಮೂರು ಸಲ ಹೇಳಿದರು. ಮೂವರೂ ಅಲ್ಲಿ ತೋರಿಸಿ ಬರುವಷ್ಟರಲ್ಲಿ ಲಗಮಣ್ಣನ ಟೆಂಪೋ ಹೋಗಿಬಿಟ್ಟಿತ್ತು.

ಮುಂದಿನ ಹದಿನೆಂಟು ದಿನ ಆ ಮನೆಯಲ್ಲಿ ಯಾರೂ ನೆಟ್ಟಗೆ ಉಣ್ಣಲಿಲ್ಲ. ಕಣ್ಣಿಗೆ ಮುಲಾಮು ಹಾಕುವಾಗೆಲ್ಲ ಸಕ್ಕುಬಾಯಿ ಮಂಜು ಮಂಜು ಎನ್ನುತ್ತಿದ್ದಳು. ಅಣ್ಣಾಸಾಬ ತಾಯಿಯೊಂದಿಗೆ ಮಾತು ಬಿಟ್ಟಿದ್ದ. ಗೆರೆ ಬರೆದದ್ದಕ್ಕೋ, ಅಳಿಸಿದ್ದಕ್ಕೋ ಅವನಿಗೇ ಗೊತ್ತಿರಲಿಲ್ಲ. ಲಗಮಣ್ಣ ಹಾಲಿಗೆ ಬೇರೆ ಆಳನ್ನು ಕಳಿಸುತ್ತಿದ್ದ. ಹತ್ತೊಂಬತ್ತನೆಯ ದಿನ ಮುಂಜಾನೆ ಸಕ್ಕುಬಾಯಿ ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಅತ್ತೆಯತ್ತ ತಿರುಗಿದಳು.

"ಅತ್ತಿ, ನಿಮ್ಮ ಸೆರಗಿಗೆ ಹುರಮಂಜಿನ ಕಲಿ ಇನ್ನೂ ಹಂಗ ಐತಲ್ರಿ."

ದುಂಡವ್ವ ಕಂಬ ಹಿಡಿದು ಕೂತುಬಿಟ್ಟಳು. ಅಣ್ಣಾಸಾಬ ಅಡುಗೆಮನೆಗೆ ಹೋಗಿ, ಎಷ್ಟೋ ದಿನದ ಮೇಲೆ, ತಾಯಿಗೊಂದು ಕಪ್ ಚಹಾ ತಂದಿಟ್ಟ.

ಪಂಚಮಿ ಬಂತು. ಓಣಿಯ ಹೆಂಗಸರು ಹುತ್ತಕ್ಕೆ ಹಾಲೆರೆಯಲು ಹೋದರು. ದುಂಡವ್ವ ಹೋಗಲಿಲ್ಲ. ಗೆರೆ ಬರೆಸಿಕೊಳ್ಳಲು ಬಂದ ಇಬ್ಬರನ್ನು ಅಷ್ಟರಲ್ಲಿ ಅಥಣಿಯ ದಾರಿ ಹಿಡಿಸಿದ್ದಳು. ಒಬ್ಬ ಹೋದ, ಇನ್ನೊಬ್ಬ ಬೈದುಕೊಂಡು ಬೇರೆ ಊರಿನ ಮಂತ್ರದವನ ಬಳಿ ಹೋದ. ಆಕೆ ಕಟ್ಟೆಯ ಮೇಲೆ ಕೂತು ಬಾಗಿಲು ನೋಡುತ್ತಿದ್ದಳು. ಬರುವುದಿಲ್ಲ ಎಂದು ಗೊತ್ತಿತ್ತು, ಆದರೂ ನೋಡುತ್ತಿದ್ದಳು.

ಮಧ್ಯಾಹ್ನದ ಹೊತ್ತಿಗೆ ಲಗಮಣ್ಣ ಬಂದ. ಕೈಯಲ್ಲಿ ಕಾಯಿ ಇತ್ತು. ದುಂಡವ್ವನ ಮುಂದೆ ನಿಲ್ಲಲಿಲ್ಲ. ನೇರ ಒಳಗೆ ಹೋಗಿ ಸಕ್ಕುಬಾಯಿಯ ಉಡಿಗೆ ಅದನ್ನು ಹಾಕಿ, ಹೊರಬಂದು ಕಟ್ಟೆಯ ಇನ್ನೊಂದು ತುದಿಗೆ ಕೂತ.

"ಭಾಳ ಸಿಟ್ಟ ಬಂದಿತ್ತಕ್ಕಾ" ಎಂದ. "ಇನ್ನೂ ಐತಿ. ಆದ್ರ ನೀ ಅವತ್ತ ಇಲ್ಲ ಅಂದಿದ್ರ ನಾ ನಂಬತಿದ್ನಿ."

"ಗೊತ್ತಿತ್ತು" ಎಂದಳು ದುಂಡವ್ವ. "ಹತ್ತ ಕಾಯಿ ತಿಂದೀನಿ ತಮ್ಮಾ, ನಿನ್ನವು."

ಒಳಗೆ ಸಕ್ಕುಬಾಯಿ ಕಾಯಿ ಒಡೆದ ಸದ್ದು ಕೇಳಿತು. ಆಕೆ ತಟ್ಟೆಯಲ್ಲಿ ಕೊಬ್ಬರಿಯ ಚೂರು ತಂದು ಇಬ್ಬರ ನಡುವೆ ಇಟ್ಟಳು. ದುಂಡವ್ವ ಒಂದು ಚೂರು ಕೈಗೆ ತೆಗೆದುಕೊಂಡಳು, ಬಾಯಿಗೆ ಇಡಲಾಗಲಿಲ್ಲ.

"ತಿನ್ನಬೇ ಅಕ್ಕಾ" ಎಂದ ಲಗಮಣ್ಣ. "ಇದು ಈಕಿ ಕಣ್ಣಿಂದು."

ಆಗ ಮಾತ್ರ ದುಂಡವ್ವನಿಗೆ ಅಳು ತಡೆಯಲಾಗಲಿಲ್ಲ.