ಬಂದ ದಿಕ್ಕು

ಮೂರನೆಯ ಸಲ ಲೆಕ್ಕ ಹಾಕಿದಾಗಲೂ ಆಕಾಶದ ನಕಾಶೆಯ ಮೇಲಿನ ಕೆಂಪು ಕಲೆ ಮೊದಲಿನ ಜಾಗದಲ್ಲಿರಲಿಲ್ಲ. ಭುವನೇಶ್ವರಿ ಲ್ಯಾಪ್‌ಟಾಪಿನಿಂದ ಕೈ ತೆಗೆದಳು.

ಗದಗಿನ ಕಾಲೇಜೊಂದರಲ್ಲಿ ಆಕೆ ಭೌತವಿಜ್ಞಾನ ಕಲಿಸುತ್ತಿದ್ದಳು. ಬಾಹ್ಯಾಕಾಶದಿಂದ ಭೂಮಿಗೆ ಬಂದು ಬೀಳುವ ವಿಶ್ವಕಿರಣಗಳು ಯಾವ ದಿಕ್ಕಿನಿಂದ ಹೆಚ್ಚು ಬರುತ್ತವೆಂದು, ಬೆಟಗೇರಿಯ ತನ್ನ ನೇಕಾರ ಮನೆಯಲ್ಲೇ ಕೂತು ಏಳು ವರ್ಷ ಹುಡುಕಿದ್ದಳು. ಕೆಂಪು ಕಲೆಯೇ ಆ ದಿಕ್ಕು. ಅಲ್ಲೊಂದು ನಕ್ಷತ್ರ ಎಂದೋ ಸಿಡಿದು ಸತ್ತಿತ್ತು. ಕಿರಣಗಳು ಹೊರಟದ್ದು ಅಲ್ಲಿಂದ ಎಂಬುದು ಆಕೆಯ ಪಿಎಚ್‌ಡಿ ಪ್ರಬಂಧದ ತಿರುಳು. ಸೋಮವಾರ ಅದನ್ನು ಒಪ್ಪಿಸಬೇಕಿತ್ತು.

ಸೂರ್ಯನ ಸುತ್ತ, ಗ್ರಹಗಳನ್ನೆಲ್ಲ ದಾಟಿ ಊದಿಕೊಂಡಿರುವ ಕಾಂತಕ್ಷೇತ್ರದ ಗುಳ್ಳೆಯನ್ನು ಆಕೆ ಇಷ್ಟು ದಿನ ಲೆಕ್ಕಕ್ಕೆ ಹಿಡಿದಿರಲಿಲ್ಲ. ಹಿಡಿದ ಕೂಡಲೇ ಎಲ್ಲ ಬದಲಾಯಿತು. ಆ ಗುಳ್ಳೆಯನ್ನು ಹಾಯುವಾಗ ಕಿರಣಗಳು ಬಾಗುತ್ತಿದ್ದವು. ಹೊರಗೆ ಅವು ಬರುತ್ತಿದ್ದ ದಿಕ್ಕೇ ಬೇರೆ, ಇಲ್ಲಿ ಕಾಣುವ ದಿಕ್ಕೇ ಬೇರೆ.

ಧಾರವಾಡದ ಮಾರ್ಗದರ್ಶಕರಿಗೆ ಫೋನು ಮಾಡಿ ತಪ್ಪನ್ನು ಹೇಳಿದಳು.

"ಅದನ್ನ ಯಾರು ಕೇಳ್ತಾರ್ರಿ ಮೇಡಂ? ಸೋಮವಾರ ಕೊಟ್ಟುಬಿಡ್ರಿ," ಎಂದರು ಅವರು.

"ನನಗ ಗೊತ್ತಾಗೇತಲ್ರಿ ಸರ್."

"ಇನ್ನೂ ಎರಡು ವರ್ಷ ಹಿಡೀತೈತಿ ನೋಡ್ರಿ. ನಾ ಮುಂದಿನ ವರ್ಷ ರಿಟೈರ್ ಆಗ್ತೀನಿ. ಆಮ್ಯಾಲೆ ನೀವೊಬ್ಬರ."

"ಆತ್ರಿ ಸರ್."

ಫೋನಿಟ್ಟು, ಆ ನಕ್ಷತ್ರದ ವಾದವಿದ್ದ ನಾಲ್ಕನೆಯ ಅಧ್ಯಾಯವನ್ನು ತೆಗೆದುಹಾಕಿದಳು. ನೂರಾ ಹನ್ನೆರಡು ಪುಟ. ಒಂದು ಕ್ಷಣವೂ ಹಿಡಿಯಲಿಲ್ಲ.

ಪಡಸಾಲೆಯಲ್ಲಿ ಮಗ್ಗದ ಸಪ್ಪಳ ನಿಂತಿತು. "ಮುಗೀತೇನವಾ ನಿಂದು?" ತಾಯಿ ಬನಶಂಕರೆವ್ವ ಕೂತಲ್ಲಿಂದಲೇ ಕೇಳಿದಳು.

"ಇಲ್ಲಬೇ. ತಪ್ಪೈತಿ."

"ಎಲ್ಲಿಂದ ಬಿಚ್ಚಬೇಕು?"

ಭುವನೇಶ್ವರಿ ಬಾಗಿಲಿಗೆ ಬಂದು ನಿಂತಳು. "ಏಳು ವರ್ಷದಾಗ ನಾಕು ವರ್ಷದ್ದು."

ಬನಶಂಕರೆವ್ವ ಮಗಳ ಮುಖವನ್ನೊಮ್ಮೆ ನೋಡಿದಳು. "ಬಿಚ್ಚು ಹಂಗಾರ," ಎಂದು ಲಾಳಿಗೆ ಕೈ ಹಾಕಿದಳು. ಮತ್ತೆ ಸಪ್ಪಳ ಶುರುವಾಯಿತು. ತಾಯಿ ಇನ್ನೊಂದು ಮಾತು ಕೇಳಿದ್ದರೆ ಭುವನೇಶ್ವರಿ ಸತ್ತ ನಕ್ಷತ್ರದಿಂದ ಹಿಡಿದು ಎಲ್ಲವನ್ನೂ ಹೇಳಿಬಿಡುತ್ತಿದ್ದಳು. ತಾಯಿ ಕೇಳಲಿಲ್ಲ. ಆ ಸಪ್ಪಳದ ಮೇಲೆ ಕೂಗಿ ಹೇಳುವ ಮಾತಲ್ಲ ಅದು.

ಮಾಳಿಗೆ ಹತ್ತಿದಳು. ಮಧ್ಯಾಹ್ನದ ಬಿಸಿಲು ಕಣ್ಣಿಗೆ ಕುಕ್ಕುತ್ತಿತ್ತು. ಬೆಳಿಗ್ಗೆ ಬಣ್ಣಕ್ಕೆ ಅದ್ದಿದ ನೂಲಿನ ಲಡಿಗಳು ಗಳದ ಮೇಲೆ ಒಂದು ಮಗ್ಗುಲು ಒಣಗಿದ್ದವು. ಭುವನೇಶ್ವರಿ ಒಂದೊಂದನ್ನೇ ಎತ್ತಿ, ಹಸಿ ಮಗ್ಗುಲು ಮೇಲೆ ಮಾಡಿ ಹಾಕತೊಡಗಿದಳು.